ಹದಿನಾಲ್ಕನೇ ದಿನ ಮರೆಯಬೇಡಿ: ಲಿವರ್ ಕಾಯಿಲೆಯ ಮಗುವೂ ಹತ್ತು ಕೈಗಳ ಕೆಲಸವೂ

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಪಠ್ಯ)

 

ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಹೇಳಿದ್ದರು. ಶಿಕ್ಷಣದ ಮಹತ್ವ ಗೊತ್ತಿಲ್ಲದವರು ಇವತ್ತು ಮಗುವಿನ ಕೈ ಹಿಡಿದುಕೊಂಡು ಇಷ್ಟು ದೂರ ಬರುತ್ತಿರಲಿಲ್ಲ. ಆದ್ದರಿಂದ ಅವರ ಒಪ್ಪಿಗೆ ಪಡೆದು ಬೇರೆ ವಿಷಯ ತೆಗೆದುಕೊಂಡಿದ್ದೇನೆ. ನಿವೃತ್ತಿಯ ನಂತರ ಟ್ರಸ್ಟಿನ ವೈದ್ಯಕೀಯ ನೆರವಿನ ಅರ್ಜಿಗಳನ್ನು ಓದುವ ಕೆಲಸ ನನಗೂ ಬಂತು. ಅವುಗಳಲ್ಲಿ ಹೊಟ್ಟೆ, ಕರುಳು, ಲಿವರ್ ಕಾಯಿಲೆಯ ಮಕ್ಕಳ ಅರ್ಜಿಗಳು ನನ್ನನ್ನು ಹೆಚ್ಚು ಕಾಡಿದವು. ಆ ಮಕ್ಕಳನ್ನು ಯಾರೂ ನೋಡದೆ ಬಿಟ್ಟಿರಲಿಲ್ಲ. ಸೂಲಗಿತ್ತಿ ನೋಡಿದ್ದಾರೆ, ಆಶಾ ಕಾರ್ಯಕರ್ತೆ ನೋಡಿದ್ದಾರೆ, ಊರಿನ ಡಾಕ್ಟರು ನೋಡಿದ್ದಾರೆ, ಅಜ್ಜಿ ನೋಡಿದ್ದಾರೆ. ಒಬ್ಬರು ಕಂಡದ್ದು ಮುಂದಿನವರಿಗೆ ತಲುಪುವಷ್ಟರಲ್ಲಿ ದಿನಗಳು ಕಳೆದಿದ್ದವು.

ನಾನು ಡಾಕ್ಟರಲ್ಲ. ಬಿ.ಎಡ್. ಮಾಡಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವಳು. ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಪಾಠದಂತೆಯೇ ಹೇಳುತ್ತೇನೆ. ಔಷಧದ ಸಲಹೆ ನನ್ನ ಕೆಲಸವಲ್ಲ. ಯಾವಾಗ, ಯಾರ ಬಳಿಗೆ, ಯಾವ ಮಾತು ಹೊತ್ತುಕೊಂಡು ಹೋಗಬೇಕು ಎಂಬುದಷ್ಟೇ ಇಂದಿನ ವಿಷಯ.

ಎರಡು ಬಗೆಯ ಕಾಮಾಲೆ

ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲ ವಾರ ಮೈ ಕಣ್ಣು ಹಳದಿಯಾಗುತ್ತದೆ. ಬಹುತೇಕ ಮಕ್ಕಳಿಗೆ ಅದು ತಾನಾಗಿ ಇಳಿಯುತ್ತದೆ, ಕೆಲವರಿಗೆ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಇದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದಲೇ ತೊಂದರೆಯೂ ಶುರುವಾಗುತ್ತದೆ. ಮೂರನೇ ವಾರದಲ್ಲೂ ಕಣ್ಣು ಹಳದಿ ಇದ್ದರೆ, 'ನಮ್ಮ ದೊಡ್ಡ ಮಗನಿಗೂ ಹೀಗೇ ಇತ್ತು, ಬೆಳಗಿನ ಬಿಸಿಲಿಗೆ ಹಿಡಿಯಿರಿ' ಎನ್ನುತ್ತಾರೆ.

ಇನ್ನೊಂದು ಬಗೆಯ ಕಾಮಾಲೆ ಇದೆ. ಲಿವರ್ ಪಿತ್ತರಸವನ್ನು ತಯಾರಿಸುತ್ತದೆ, ಅದು ನಾಳದ ಮೂಲಕ ಕರುಳಿಗೆ ಇಳಿಯುತ್ತದೆ ಎಂದು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ್ದೇವೆ. ಮಲಕ್ಕೆ ಹಳದಿ, ಕಂದು ಬಣ್ಣ ಬರುವುದು ಈ ಪಿತ್ತರಸದಿಂದ. ಕೆಲವು ಶಿಶುಗಳಲ್ಲಿ ಆ ನಾಳ ಹುಟ್ಟಿನ ಆಸುಪಾಸಿನಲ್ಲೇ ಗಾಯಗಟ್ಟಿ ಮುಚ್ಚಿಹೋಗುತ್ತದೆ. ವೈದ್ಯರು ಇದಕ್ಕೆ ಬಿಲಿಯರಿ ಅಟ್ರೀಸಿಯಾ ಎನ್ನುತ್ತಾರೆ. ಇಳಿಯಲು ದಾರಿಯಿಲ್ಲದ ಪಿತ್ತರಸ ಲಿವರಿನಲ್ಲೇ ನಿಂತು ಅದನ್ನು ಹಾಳುಮಾಡುತ್ತದೆ. ಮಗುವಿನ ಮಲ ಬಿಳಿಚಿಕೊಳ್ಳುತ್ತದೆ: ಜೇಡಿಮಣ್ಣಿನಂತೆ, ಬೂದಿಯಂತೆ ಅಥವಾ ತೀರ ಪೇಲವ ಹಳದಿಯಂತೆ. ಎಳೆಮಗುವಿನ ಮೂತ್ರ ನೀರಿನಂತಿರಬೇಕು. ಈ ಮಗುವಿನ ಮೂತ್ರ ಗಾಢ ಹಳದಿಯಾಗಿ ಬಟ್ಟೆಗೆ ಕಲೆ ಕಟ್ಟುತ್ತದೆ.

ಮೊದಮೊದಲು ಈ ಮಗು ಚೆನ್ನಾಗಿಯೇ ಕಾಣುತ್ತದೆ. ಹಾಲು ಕುಡಿಯುತ್ತದೆ, ತೂಕವೂ ಏರುತ್ತದೆ, ನೋಡಿದವರು 'ಗುಂಡುಗುಂಡಾಗಿದೆ' ಎನ್ನುತ್ತಾರೆ. ಜ್ವರವಿಲ್ಲ, ಅಳುವಿಲ್ಲ. ಆಸ್ಪತ್ರೆಗೆ ಓಡಬೇಕೆಂದು ಯಾರಿಗೂ ಅನಿಸುವುದಿಲ್ಲ.

ಈ ಕಾಯಿಲೆ ಸುಮಾರು 10ರಿಂದ 20 ಸಾವಿರ ಹೆರಿಗೆಗೆ ಒಂದರಂತೆ ಕಾಣಿಸುತ್ತದೆ. ಹಳ್ಳಿಯ ಒಬ್ಬ ಡಾಕ್ಟರು ಇಡೀ ವೃತ್ತಿಜೀವನದಲ್ಲಿ ಇಂಥ ಒಂದೇ ಮಗುವನ್ನು ನೋಡಬಹುದು, ನೋಡದೆಯೂ ಇರಬಹುದು. ಆದ್ದರಿಂದ ಅನುಭವದ ಮೇಲೆ ಬಿಟ್ಟರೆ ಆಗದು, ಒಂದು ನಿಯಮ ಬೇಕು. ಆ ನಿಯಮ ಸರಳವಾಗಿದೆ. 14 ದಿನ ದಾಟಿಯೂ ಮಗುವಿನ ಕಣ್ಣು ಹಳದಿಯಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಆ ಪರೀಕ್ಷೆಯಲ್ಲಿ ಒಟ್ಟು ಬಿಲಿರುಬಿನ್ ನೋಡಿದರೆ ಸಾಲದು, 'ಡೈರೆಕ್ಟ್ ಬಿಲಿರುಬಿನ್' ಎಷ್ಟಿದೆ ಎಂದು ಕೇಳಬೇಕು. ಅದು 1 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಬಿಸಿಲಿಗೆ ಹಿಡಿಯುತ್ತ ಕಾಯುವ ಸಮಯವಲ್ಲ. ಎದೆಹಾಲು ಕುಡಿಯುವ ಮಕ್ಕಳಿಗೆ ಕಾಮಾಲೆ ಕೆಲವು ವಾರ ಉಳಿಯುವುದೂ ಉಂಟು. ಅವರ ಮಲ ಹಳದಿಯಾಗಿಯೇ ಇರುತ್ತದೆ, ಡೈರೆಕ್ಟ್ ಬಿಲಿರುಬಿನ್ ಏರಿರುವುದಿಲ್ಲ. ಎದೆಹಾಲನ್ನು ಯಾವ ಕಾರಣಕ್ಕೂ ನೀವಾಗಿ ನಿಲ್ಲಿಸಬೇಡಿ.

ನಾವು ದಿನ ಎಣಿಸುವವರೇ

ಈ ಕಾಯಿಲೆಗೆ ದಾರಿ ಮಾಡಿಕೊಟ್ಟವರು ಜಪಾನಿನ ಸೆಂಡಾಯ್ ನಗರದ ಶಸ್ತ್ರವೈದ್ಯ ಮೊರಿಯೊ ಕಸಾಯ್. ಮುಚ್ಚಿದ ನಾಳವನ್ನು ತೆಗೆದು, ಮಗುವಿನ ಕರುಳಿನದೇ ಒಂದು ಭಾಗವನ್ನು ಲಿವರಿನ ಬಾಯಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಅವರು 1950ರ ದಶಕದಲ್ಲಿ ಆರಂಭಿಸಿ 1959ರಲ್ಲಿ ಪ್ರಕಟಿಸಿದರು. ಇವತ್ತಿಗೂ ಪ್ರಪಂಚದೆಲ್ಲೆಡೆ ಅದನ್ನು ಕಸಾಯ್ ಆಪರೇಷನ್ ಎಂದೇ ಕರೆಯುತ್ತಾರೆ. ಅದು ಚೆನ್ನಾಗಿ ಫಲ ಕೊಡುವುದು ಬೇಗ ಮಾಡಿದಾಗ, ಅಂದರೆ ಮಗುವಿಗೆ 60 ದಿನ ತುಂಬುವ ಮೊದಲು. ದಿನ ಕಳೆದಂತೆ ಲಿವರ್ ಗಟ್ಟಿಯಾಗುತ್ತ ಹೋಗುತ್ತದೆ. ಆಪರೇಷನ್ನೂ ಇಲ್ಲದೆ, ಲಿವರ್ ಕಸಿಯೂ ಇಲ್ಲದೆ ಹೋದರೆ ಹೆಚ್ಚಿನ ಮಕ್ಕಳು ಎರಡು ವರ್ಷ ಉಳಿಯುವುದಿಲ್ಲ.

ಈಗ ನಮ್ಮ ಮನೆಗಳ ಲೆಕ್ಕಕ್ಕೆ ಬರೋಣ. ಮಗು ಹುಟ್ಟಿದರೆ ನಾವು ದಿನ ಎಣಿಸುತ್ತೇವೆ. ಏಳನೇ ದಿನ ಅಕೀಕಾ. ನಲವತ್ತು ದಿನ ತಾಯಿ, ಮಗು ಹೊರಗೆ ಹೋಗುವಂತಿಲ್ಲ. ಇತರ ಸಮುದಾಯಗಳ ಬಾಣಂತನದಲ್ಲೂ ಇಂಥದೇ ಕಟ್ಟುಪಾಡು ಇದೆ. ತಾಯಿಗೆ ವಿಶ್ರಾಂತಿ ಸಿಗಲಿ, ಮಗುವಿಗೆ ಸೋಂಕು ತಗಲದಿರಲಿ ಎಂಬ ಒಳ್ಳೆಯ ಉದ್ದೇಶವೇ ಅದರಲ್ಲಿದೆ. ಆದರೆ ಲೆಕ್ಕ ಹಾಕಿ ನೋಡಿ. ನಲವತ್ತು ಕಳೆದ ಮೇಲೆ ಆಸ್ಪತ್ರೆಗೆ ಹೊರಟರೆ ಉಳಿಯುವುದು 20 ದಿನ. ಆ 20 ದಿನದಲ್ಲಿ ಊರಿನ ಡಾಕ್ಟರು, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಬೆಂಗಳೂರು, ಅಲ್ಲಿ ಮತ್ತೆ ಪರೀಕ್ಷೆಗಳು, ಆಪರೇಷನ್ ಥಿಯೇಟರಿನ ದಿನಾಂಕ ಎಲ್ಲವೂ ಆಗಬೇಕು. ನಲವತ್ತು ದಿನದ ವಿಶ್ರಾಂತಿ ಇರಲಿ. 14ನೇ ದಿನ ಹಳದಿ ಕಂಡರೆ ಒಂದು ಗಂಟೆ ಹೊರಗೆ ಹೋಗಿ ರಕ್ತ ಕೊಟ್ಟು ಬರಲು ಅಜ್ಜಿಯಂದಿರು ಅಪ್ಪಣೆ ಕೊಡಬೇಕು. ಹಾಗೆಯೇ ತಾಯಿತ ಕಟ್ಟಿಸುವುದು, ಕಾಮಾಲೆಗೆ ಬೇರಿನ ರಸ ಕುಡಿಸುವುದು, ಕೆಲವು ಕಡೆ ಮಗುವಿನ ಹೊಟ್ಟೆಗೆ ಬರೆ ಹಾಕಿಸುವುದು, ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ವಾರ ಹೋಗುತ್ತದೆ. ಬರೆ ಹಾಕುವುದಂತೂ ಮಗುವಿಗೆ ಮಾಡುವ ಹಿಂಸೆ. ದುಆ ಮಾಡೋಣ, ರಕ್ತ ಪರೀಕ್ಷೆಯನ್ನೂ ಅದೇ ದಿನ ಮಾಡಿಸೋಣ.

ಸರ್ಕಾರವೂ ದಿನ ಎಣಿಸುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮವಿದೆ. ನಮಗೆ ಬೇಕಾದ 14ನೇ ದಿನ ಆ ಪಟ್ಟಿಯಲ್ಲೇ ಇದೆ ಎಂಬುದನ್ನು ಗಮನಿಸಿ. ಆಕೆ ಬಂದಾಗ ಮಗುವನ್ನು ಕಿಟಕಿಯ ಬೆಳಕಿಗೆ ತಂದು ಕಣ್ಣು ತೋರಿಸಿ. ತೊಳೆಯದ ಬಟ್ಟೆಯೊಂದನ್ನು ತೆಗೆದಿಟ್ಟು ಮಲದ ಬಣ್ಣವನ್ನೂ ತೋರಿಸಿ. ಇದರಲ್ಲಿ ನಾಚಿಕೆಯಿಲ್ಲ. ಆರು ವಾರಕ್ಕೆ ಲಸಿಕೆ ಹಾಕಿಸಲು ಹೋದಾಗ ಸಿಸ್ಟರಿಗೂ ತೋರಿಸಿ. ಆ ವೇಳೆಗೆ 42 ದಿನ ಆಗಿರುತ್ತದೆ, ಸಮಯ ಇನ್ನೂ ಸ್ವಲ್ಪ ಉಳಿದಿರುತ್ತದೆ.

ನಮ್ಮಲ್ಲಿ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಗರ್ಭಿಣಿಯಾಗಿದ್ದಾಗ ನೋಡಿದ ಆಶಾ ಒಂದು ತಾಲ್ಲೂಕಿನವರು, ಹೆರಿಗೆಯಾದ ಆಸ್ಪತ್ರೆ ಇನ್ನೊಂದು ಕಡೆ, ನಲವತ್ತು ಕಳೆದು ಗಂಡನ ಮನೆಗೆ ಬಂದ ಮೇಲೆ ನೋಡುವವರು ಮತ್ತೊಬ್ಬರು. ಮೂವರೂ ಒಬ್ಬರನ್ನೊಬ್ಬರು ಕಂಡೇ ಇರುವುದಿಲ್ಲ. ಮೂವರನ್ನೂ ಕಂಡಿರುವುದು ತಾಯಿ ಒಬ್ಬಳೇ, ಮತ್ತು ಅವಳ ಕೈಯಲ್ಲಿರುವ ತಾಯಿ ಕಾರ್ಡ್. ಆದ್ದರಿಂದ ಯಾರು ಏನು ನೋಡಿದರೂ ಅದನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. 'ಇಂಥ ದಿನ ಕಣ್ಣು ಹಳದಿ, ಮಲ ಪೇಲವ' ಎಂಬ ಒಂದು ಸಾಲಿಗೆ ಬಹಳ ಬೆಲೆ ಇದೆ.

ಒಂದು ಬಣ್ಣದ ಕಾರ್ಡ್

ಜಪಾನಿನ ತೊಚಿಗಿ ಎಂಬ ಪ್ರಾಂತ್ಯದಲ್ಲಿ 1994ರಿಂದ ಒಂದು ಕಾರ್ಡನ್ನು ತಾಯಂದಿರಿಗೆ ಕೊಡತೊಡಗಿದರು. ಅದರಲ್ಲಿ ಮಗುವಿನ ಮಲದ ಬೇರೆ ಬೇರೆ ಬಣ್ಣಗಳ ಚಿತ್ರಗಳಿದ್ದವು. ಇಂಥ ಬಣ್ಣವಾದರೆ ಸರಿ, ಇಂಥದಾದರೆ ಕೂಡಲೇ ಬನ್ನಿ ಎಂದು ಹೇಳುವ ಕಾರ್ಡು. ತೈವಾನ್ ಇದನ್ನು 2002ರಲ್ಲಿ ಪ್ರಯೋಗ ಮಾಡಿ, 2004ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಕಾರ್ಡನ್ನು ಮಗುವಿನ ಆರೋಗ್ಯ ಪುಸ್ತಕದೊಳಗೇ ಸೇರಿಸಿತು. 60 ದಿನದೊಳಗೆ ಕಸಾಯ್ ಆಪರೇಷನ್ ಆದ ಮಕ್ಕಳ ಪ್ರಮಾಣ ಅಲ್ಲಿ 2004ರಲ್ಲಿ ನೂರಕ್ಕೆ 60 ಇದ್ದದ್ದು ಮರುವರ್ಷ 74ಕ್ಕೆ ಏರಿತು.

ಅದಕ್ಕಾಗಿ ಅವರು ಹೊಸ ಯಂತ್ರ ತರಲಿಲ್ಲ, ಹೊಸ ಔಷಧವನ್ನೂ ಕಂಡುಹಿಡಿಯಲಿಲ್ಲ. ತಾಯಿ, ಲಸಿಕೆ ಹಾಕುವ ನರ್ಸು, ಮಕ್ಕಳ ವೈದ್ಯರು, ಶಸ್ತ್ರವೈದ್ಯರು ನಾಲ್ವರೂ ಒಂದೇ ಕಾಗದವನ್ನು ನೋಡುವಂತೆ ಮಾಡಿದರು. ಅದೇ ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಆರಂಭಿಸಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು ಎಂದು 1997ರಲ್ಲಿ ಅಲ್ಲಿನ ವೈದ್ಯರು ತೋರಿಸಿದರು. ನಮ್ಮ ದೇಶದಲ್ಲೂ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಈ ಲಸಿಕೆ ಹಾಕುವ ವ್ಯವಸ್ಥೆ ಇದೆ. ಹಾಕಿದ್ದಾರೆಯೇ ಎಂದು ಕಾರ್ಡಿನಲ್ಲಿ ನೋಡಿಕೊಳ್ಳಿ.

ಆಸ್ಪತ್ರೆಯೊಳಗೆ ಯಾರ ಕೆಲಸ ಏನು?

'ಇಷ್ಟೊಂದು ಪರೀಕ್ಷೆ ಯಾಕೆ, ಒಬ್ಬರಿಂದ ಒಬ್ಬರಿಗೆ ಕಳಿಸುತ್ತಾರೆ' ಎಂದು ಪೋಷಕರು ಬೇಸರ ಪಡುತ್ತಾರೆ. ಯಾರ ಕೆಲಸ ಏನೆಂದು ಗೊತ್ತಾದರೆ ಆ ಬೇಸರ ಕಡಿಮೆಯಾಗುತ್ತದೆ.

ಮಕ್ಕಳ ವೈದ್ಯರು ಮೊದಲು ಅನುಮಾನ ಪಡುವವರು. ಸ್ಕ್ಯಾನಿಂಗ್ ಮಾಡುವವರು ಮಗುವಿಗೆ ಕೆಲವು ಗಂಟೆ ಹಾಲು ಕೊಡದೆ ಪಿತ್ತಕೋಶವನ್ನು ನೋಡುತ್ತಾರೆ. ಹಸಿದು ಅಳುವ ಮಗುವನ್ನು ಕಂಡು ತಾಯಿ ಮರುಗಿ ಹಾಲು ಕೊಟ್ಟುಬಿಟ್ಟರೆ ಸ್ಕ್ಯಾನ್ ಸರಿಯಾಗಿ ಬರುವುದಿಲ್ಲ, ಮತ್ತೊಂದು ದಿನ ಹೋಗುತ್ತದೆ. ಇದನ್ನು ತಾಯಿಗೆ ಬಿಡಿಸಿ ಹೇಳಬೇಕಾದವರು ನರ್ಸ್. ಲಿವರಿನಿಂದ ಸೂಜಿಯಲ್ಲಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವರು ಪೆಥಾಲಜಿ ವೈದ್ಯರು. ಅವರನ್ನು ರೋಗಿಗಳು ಕಾಣುವುದೇ ಇಲ್ಲ, ಆದರೆ ಆಪರೇಷನ್ ಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಅವರ ಮಾತು ಮುಖ್ಯ. ಆಮೇಲೆ ಮಕ್ಕಳ ಶಸ್ತ್ರವೈದ್ಯರು, ಅರಿವಳಿಕೆ ವೈದ್ಯರು. ಪಿತ್ತರಸ ಇಳಿಯದ ಮಗುವಿಗೆ ಕೊಬ್ಬು ಜೀರ್ಣವಾಗುವುದಿಲ್ಲ, ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಹತ್ತುವುದಿಲ್ಲ. ಕೆ ಜೀವಸತ್ವ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟದೆ ಮೆದುಳಿನಲ್ಲಿ ಸ್ರಾವವಾಗುವ ಅಪಾಯವೂ ಇದೆ. ಅದಕ್ಕೆ ಇಂಜೆಕ್ಷನ್, ತೊಟ್ಟು ಔಷಧ, ಹೆಚ್ಚು ಶಕ್ತಿಯ ಆಹಾರ ಬೇಕು. ಪಿತ್ತರಸವಿಲ್ಲದೆಯೂ ಹೀರಿಕೊಳ್ಳುವಂಥ ಕೊಬ್ಬು ಯಾವುದು, ಎಷ್ಟು ಎಂದು ಲೆಕ್ಕ ಹಾಕುವವರು ಆಹಾರತಜ್ಞೆ.

ಇಷ್ಟೂ ಮಂದಿ ಒಂದೇ ಸೂರಿನಡಿ ಇದ್ದರೆ ಒಳ್ಳೆಯದು. ಇಂಗ್ಲೆಂಡಿನಲ್ಲಿ ಮೊದಲು ಅನೇಕ ಆಸ್ಪತ್ರೆಗಳು ವರ್ಷಕ್ಕೆ ಒಂದೋ ಎರಡೋ ಕಸಾಯ್ ಆಪರೇಷನ್ ಮಾಡುತ್ತಿದ್ದವು. 1999ರಿಂದ ಅದನ್ನು ಲಂಡನ್, ಬರ್ಮಿಂಗ್‌ಹ್ಯಾಮ್, ಲೀಡ್ಸ್ ಎಂಬ ಮೂರೇ ಕೇಂದ್ರಗಳಿಗೆ ಸೀಮಿತಗೊಳಿಸಿದರು. ಉಳಿದ ಆಸ್ಪತ್ರೆಗಳ ವೈದ್ಯರು ಮಗುವನ್ನು ಬೇಗ ಗುರುತಿಸಿ ಅಲ್ಲಿಗೆ ಕಳಿಸುವ ಹೊಣೆ ಹೊತ್ತರು. ಫಲಿತಾಂಶ ಸುಧಾರಿಸಿತು. 'ಇದು ನನ್ನ ಕೈಯಲ್ಲಿ ಆಗುವುದಲ್ಲ, ಅವರ ಹತ್ತಿರ ಹೋಗಿ' ಎಂದು ಡಾಕ್ಟರು ಹೇಳಿದರೆ ಅದನ್ನು ಅವರ ಸೋಲು ಎಂದುಕೊಳ್ಳಬೇಡಿ. ಅದೂ ಚಿಕಿತ್ಸೆಯ ಒಂದು ಭಾಗವೇ.

ಕಸಾಯ್ ಆದ ಮಕ್ಕಳಲ್ಲೂ ಅನೇಕರಿಗೆ ಮುಂದೆ ಲಿವರ್ ಕಸಿ ಬೇಕಾಗುತ್ತದೆ. ಭಾರತದಲ್ಲಿ ಮಗುವಿಗೆ ಮಾಡಿದ ಮೊದಲ ಯಶಸ್ವಿ ಲಿವರ್ ಕಸಿ ದೆಹಲಿಯಲ್ಲಿ 1998ರ ನವೆಂಬರಿನಲ್ಲಿ ನಡೆಯಿತು. ತಮಿಳುನಾಡಿನ ಆ ಗಂಡುಮಗುವಿಗೆ ಆಗ 20 ತಿಂಗಳು, ಕಾಯಿಲೆ ಇದೇ ಬಿಲಿಯರಿ ಅಟ್ರೀಸಿಯಾ, ಲಿವರಿನ ಭಾಗ ಕೊಟ್ಟವರು ತಂದೆ. ಆ ಮಗು ದೊಡ್ಡವನಾಗಿ ಎಂಬಿಬಿಎಸ್ ಓದಿ ಡಾಕ್ಟರಾದರು. ಲಿವರ್ ಮತ್ತೆ ಬೆಳೆಯುವ ಅಂಗವಾದ್ದರಿಂದ ತಂದೆಯೋ ತಾಯಿಯೋ ಒಂದು ಭಾಗ ಕೊಡಬಹುದು. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿಯಿಂದ ಅಜ್ಜ ಅಜ್ಜಿಯರೂ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿದ್ದಾರೆ. ನಮ್ಮ ರಾಜ್ಯದಲ್ಲಿ ಅಂಗಾಂಗ ದಾನದ ನೋಂದಣಿ, ಹಂಚಿಕೆ ನೋಡಿಕೊಳ್ಳುವುದು 'ಜೀವಸಾರ್ಥಕತೆ' ಸಂಸ್ಥೆ.

ಊರಿಗೆ ಮರಳಿದ ಮೇಲೆ

ಆಪರೇಷನ್ ಆದ ಮಗು ಊರಿಗೆ ಬಂದಾಗ ಎಲ್ಲರೂ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜವಾದ ಸಹಕಾರ ಬೇಕಾಗುವುದು ಆಗಲೇ. ಈ ಮಕ್ಕಳಿಗೆ ಪಿತ್ತನಾಳದ ದಾರಿಯಲ್ಲಿ ಸೋಂಕು ತಗಲಬಹುದು. ಜ್ವರ ಬಂದು, ಮೈ ಮತ್ತೆ ಹಳದಿಯಾಗಿ, ಮಲ ಪೇಲವವಾಗುತ್ತದೆ. ಬೇರೆ ಮಗುವಿಗೆ ಜ್ವರ ಬಂದರೆ ಸಿರಪ್ ಕೊಟ್ಟು ಎರಡು ದಿನ ನೋಡೋಣ ಎನ್ನಬಹುದು. ಈ ಮಗುವಿಗೆ ಹಾಗೆ ಮಾಡುವಂತಿಲ್ಲ. ಅದೇ ದಿನ ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಔಷಧ ಕೊಡಬೇಕಾಗಬಹುದು. ಊರಿನ ಡಾಕ್ಟರಿಗೆ ಇದು ಗೊತ್ತಿರಬೇಕಾದರೆ ದೊಡ್ಡ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ ಅವರ ಮೇಜಿನ ಮೇಲೂ ಇರಬೇಕು.

ಪೋಷಕರಿಗೆ ನನ್ನದೊಂದು ಮನವಿ. ಒಂದು ಫೈಲ್ ಮಾಡಿ. ಎಲ್ಲ ಕಾಗದಗಳನ್ನೂ ದಿನಾಂಕದ ಪ್ರಕಾರ ಜೋಡಿಸಿ. ಮೊದಲ ಹಾಳೆಯಲ್ಲಿ ಮಗುವಿನ ಹೆಸರು, ಕಾಯಿಲೆಯ ಹೆಸರು, ಆಪರೇಷನ್ ಆದ ದಿನ, ಈಗ ಕೊಡುತ್ತಿರುವ ಔಷಧ, ಜ್ವರ ಬಂದರೆ ಫೋನ್ ಮಾಡಬೇಕಾದ ನಂಬರ್ ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆಸಿ. ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಊರಿನ ಡಾಕ್ಟರಿಗೆ, ಇನ್ನೊಂದನ್ನು ಅಂಗನವಾಡಿಗೆ ಕೊಡಿ. ಫೈಲ್ ಮಾಡಲು ಹೆಚ್ಚು ಓದಿರಬೇಕಾಗಿಲ್ಲ. ಮನೆಯಲ್ಲಿ ಹೈಸ್ಕೂಲು ಓದುವ ಹುಡುಗಿಯಿದ್ದರೆ ಅವಳು ಚೆನ್ನಾಗಿ ಮಾಡುತ್ತಾಳೆ.

ಶಾಲೆಯಲ್ಲಿ ಕಂಡದ್ದು

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಜೂನ್ ತಿಂಗಳಿನಲ್ಲಿ ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ದಸರಾ ರಜೆ ಮುಗಿದ ಮೇಲೆ ಅಕ್ಷರ ಸಣ್ಣದಾಗುತ್ತ, ನಡುಗುತ್ತ ಹೋಯಿತು. ಓದಿಸಿದರೆ ಮಾತು ತೊದಲುತ್ತಿತ್ತು, ಬಾಯಿಯ ಅಂಚಿನಲ್ಲಿ ಜೊಲ್ಲು. ಕೆಲವರು ಸೋಮಾರಿತನ ಎಂದರು, ಕೆಲವರು ದೃಷ್ಟಿಯಾಗಿದೆ ಎಂದರು. ಖೋಖೋದಲ್ಲಿ ಸುಮ್ಮಸುಮ್ಮನೆ ಬೀಳುತ್ತಾಳೆ ಎಂದು ದೈಹಿಕ ಶಿಕ್ಷಕರು ಹೇಳಿದರು. ಲೆಕ್ಕದ ಮೇಷ್ಟ್ರು ಅವಳ ಕಿರುಪರೀಕ್ಷೆಯ ಅಂಕಗಳನ್ನು ತೋರಿಸಿದರು. ನಾವು ಮೂವರೂ ಸ್ಟಾಫ್ ರೂಮಿನಲ್ಲಿ ಕುಳಿತು ಕಂಡದ್ದನ್ನೆಲ್ಲ ತಾರೀಖಿನೊಂದಿಗೆ ಒಂದು ಹಾಳೆಯಲ್ಲಿ ಬರೆದೆವು. ಅವಳ ತಂದೆಯನ್ನು ಕರೆಸಿ, ಜೂನಿನ ಕಾಪಿ ಪುಸ್ತಕ, ಡಿಸೆಂಬರಿನ ಕಾಪಿ ಪುಸ್ತಕ ಎರಡನ್ನೂ ಆ ಹಾಳೆಯ ಜೊತೆ ಕೊಟ್ಟು, 'ಇವನ್ನು ಡಾಕ್ಟರಿಗೆ ತೋರಿಸಿ' ಎಂದೆವು.

ಡಾಕ್ಟರು ಎರಡೂ ಪುಸ್ತಕ ನೋಡಿ ಅವಳನ್ನು ಕಣ್ಣಿನ ವೈದ್ಯರ ಬಳಿ ಕಳಿಸಿದರು. ಕಪ್ಪುಗುಡ್ಡೆಯ ಸುತ್ತ ಕಂದು-ಹಸಿರು ಬಣ್ಣದ ಉಂಗುರವೊಂದು ಅವರ ಯಂತ್ರದಲ್ಲಿ ಕಾಣಿಸಿತು. ರಕ್ತ ಪರೀಕ್ಷೆ ಆಯಿತು, 24 ಗಂಟೆಯ ಮೂತ್ರ ಸಂಗ್ರಹಿಸಿ ಅದರಲ್ಲಿ ತಾಮ್ರ ಎಷ್ಟಿದೆ ಎಂದು ಅಳೆದರು. ಕಾಯಿಲೆಯ ಹೆಸರು ವಿಲ್ಸನ್ ಕಾಯಿಲೆ. ನಾವು ತಿನ್ನುವ ಆಹಾರದಲ್ಲಿರುವ ತಾಮ್ರ ಹೆಚ್ಚಾದರೆ ಲಿವರ್ ಅದನ್ನು ಹೊರಹಾಕುತ್ತದೆ. ಈ ಮಕ್ಕಳ ಲಿವರಿಗೆ ಅದು ಆಗದು. ತಾಮ್ರ ಮೊದಲು ಲಿವರಿನಲ್ಲಿ, ಆಮೇಲೆ ಮೆದುಳಿನಲ್ಲಿ, ಕಣ್ಣಿನಲ್ಲಿ ತುಂಬಿಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಕಾಮಾಲೆ, ಹೊಟ್ಟೆಯಲ್ಲಿ ನೀರು ಬರುವುದು ಮೊದಲ ಲಕ್ಷಣ. ಕೆಲವರಿಗೆ ಮೊದಲು ಕೆಡುವುದು ಕೈಬರಹ ಮತ್ತು ಮಾತು. ಇಂಗ್ಲೆಂಡಿನ ಕಿನ್ನಿಯರ್ ವಿಲ್ಸನ್ 1912ರಲ್ಲಿ ಇದನ್ನು ವಿವರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಇಷ್ಟು ದೊಡ್ಡ ಅನುಭವ ನಮ್ಮ ರಾಜ್ಯದಲ್ಲೇ ಇದೆ.

ಇದು ತಂದೆ ತಾಯಿ ಇಬ್ಬರಿಂದಲೂ ಬರುವ ಕಾಯಿಲೆ. ಇಬ್ಬರೂ ಆರೋಗ್ಯವಾಗಿರುತ್ತಾರೆ, ಆದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ಸೋದರತ್ತೆ ಸೋದರಮಾವನ ಮಕ್ಕಳು ಮದುವೆಯಾಗುವ ಕಡೆ ಇಂಥವು ಹೆಚ್ಚು ಕಾಣುತ್ತವೆ. ಕರ್ನಾಟಕದಲ್ಲಿ ಎಲ್ಲ ಸಮುದಾಯಗಳಲ್ಲೂ ರಕ್ತಸಂಬಂಧದ ಮದುವೆಗಳಿವೆ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ, ಸೊಸೆಯನ್ನಂತೂ ದೂರಲೇಬಾರದು. ಹೇಳುತ್ತಿರುವುದು ಏಕೆಂದರೆ ಒಂದು ಮಗುವಿಗೆ ಬಂದರೆ ಒಡಹುಟ್ಟಿದವರೆಲ್ಲರಿಗೂ ಪರೀಕ್ಷೆ ಮಾಡಿಸಬೇಕು. ಆ ಹುಡುಗಿಯ ತಮ್ಮನಿಗೂ ಕಾಯಿಲೆ ಇತ್ತು, ಲಕ್ಷಣ ಒಂದೂ ಇರಲಿಲ್ಲ. ಆಗಲೇ ಔಷಧ ಶುರುವಾದ್ದರಿಂದ ಅವನು ಮಲಗುವ ಪ್ರಸಂಗ ಬರಲಿಲ್ಲ. ಅಕ್ಕನ ಅಕ್ಷರವೂ ಎರಡು ವರ್ಷದಲ್ಲಿ ಓದುವ ಹಾಗಾಯಿತು. ಮೊದಲಿನಂತೆ ಆಗಲಿಲ್ಲ, ಆದರೆ ಅವಳು ತನ್ನ ಕೈಯಿಂದಲೇ ಎಸ್ಸೆಸ್ಸೆಲ್ಸಿ ಬರೆದಳು.

ಈ ಕಾಯಿಲೆಗೆ ಔಷಧ ಜೀವಮಾನವಿಡೀ ಬೇಕು. ಮಗು ಚೆನ್ನಾಗಿದೆ ಎಂದು ನಿಲ್ಲಿಸಿದರೆ ಲಿವರ್ ದಿಢೀರನೆ ಕೆಟ್ಟು ಪ್ರಾಣಕ್ಕೇ ಅಪಾಯ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಊಟಕ್ಕೂ ಮಾತ್ರೆಗೂ ಅಂತರವಿಟ್ಟು ನುಂಗಬೇಕಾದ್ದರಿಂದ ಶಾಲೆಯ ಸಮಯದಲ್ಲಿ ನುಂಗಬೇಕಾಗಬಹುದು. ತರಗತಿಯ ಶಿಕ್ಷಕರಿಗೆ ಗೊತ್ತಿದ್ದರೆ ಮಗು ಮುಚ್ಚಿಟ್ಟುಕೊಂಡು ನುಂಗಬೇಕಿಲ್ಲ, ಬಿಟ್ಟುಬಿಡುವುದೂ ಇಲ್ಲ. ರಂಜಾನ್ ತಿಂಗಳಲ್ಲಿ ಮಾತ್ರೆಯ ವೇಳೆ ಬದಲಿಸುವ ಮುನ್ನ ಡಾಕ್ಟರನ್ನು ಕೇಳಲೇಬೇಕು. ಬಕ್ರೀದಿನ ಕಲೀಜಿ, ತಾಮ್ರದ ಬಿಂದಿಗೆಯಲ್ಲಿಟ್ಟ ನೀರು ಈ ಮಕ್ಕಳಿಗೆ ಬೇಡ.

ತಟ್ಟೆಯಲ್ಲಿ ಇರುವ ಚಿಕಿತ್ಸೆ

ಇನ್ನೊಂದು ಕಾಯಿಲೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪದಾರ್ಥ ಕೆಲವು ಮಕ್ಕಳ ಸಣ್ಣಕರುಳನ್ನು ಹಾಳುಮಾಡುತ್ತದೆ. ಭೇದಿ, ಹೊಟ್ಟೆಯುಬ್ಬರ, ಬೆಳವಣಿಗೆ ಕುಂಠಿತ, ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ ಇದರ ಲಕ್ಷಣಗಳು. ಇದು ಸೀಲಿಯಾಕ್ ಕಾಯಿಲೆ. ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ ಇದಕ್ಕೂ ಗೋಧಿಗೂ ಇರುವ ಸಂಬಂಧವನ್ನು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. 1944-45ರ ಚಳಿಗಾಲದ ಬರಗಾಲದಲ್ಲಿ ಬ್ರೆಡ್ ಸಿಗದಿದ್ದಾಗಿನ ಅನುಭವವೂ ಅವರ ಊಹೆಗೆ ಬಲ ಕೊಟ್ಟಿತು. ಆದರೆ ಊಹೆಯನ್ನು ಸಾಬೀತು ಮಾಡಲು ಮಲದಲ್ಲಿರುವ ಕೊಬ್ಬನ್ನು ನಿಖರವಾಗಿ ಅಳೆಯುವ ವಿಧಾನ ಬೇಕಿತ್ತು. ಅದನ್ನು ಒದಗಿಸಿದವರು ಜೀವರಸಾಯನ ಶಾಸ್ತ್ರಜ್ಞ ವಾನ್ ಡೆ ಕಾಮರ್. ಡಾಕ್ಟರೊಬ್ಬರು, ಪ್ರಯೋಗಾಲಯದವರೊಬ್ಬರು ಜೊತೆಯಾದ್ದರಿಂದ ಆದ ಕೆಲಸ ಅದು.

ಇದಕ್ಕೆ ಚಿಕಿತ್ಸೆ ಊಟವೇ. ನಮ್ಮ ರಾಗಿಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಅನ್ನ ಧಾರಾಳವಾಗಿ ತಿನ್ನಬಹುದು. ಚಪಾತಿ, ಪರೋಟ, ರವೆ ಉಪ್ಪಿಟ್ಟು, ಬಿಸ್ಕತ್ತು, ಇಫ್ತಾರಿನ ಸಮೋಸ, ಹಲೀಮ್, ಈದಿನ ಶಾವಿಗೆ ಖೀರು ಬೇಡ. ಅಕ್ಕಿಯ ಫಿರ್ನಿ ಆಗಬಹುದು. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆತಿರುತ್ತದೆ. ಇದನ್ನು ಡಾಕ್ಟರು ಒಬ್ಬರೇ ಹೇಳಿದರೆ ಸಾಲದು. ಬಿಸಿಯೂಟದ ಅಡುಗೆಯವರಿಗೆ, ಪಕ್ಕದ ಮನೆಯವರಿಗೆ, ಪ್ರೀತಿಯಿಂದ ಬಿಸ್ಕತ್ತು ಕೊಡುವ ಅಜ್ಜನಿಗೂ ಗೊತ್ತಿರಬೇಕು. ಮತ್ತೊಂದು ಮಾತು: ಪರೀಕ್ಷೆ ಮಾಡಿಸುವ ಮೊದಲೇ ಗೋಧಿ ಬಿಡಿಸಬೇಡಿ. ಬಿಡಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೆ ಹೋಗಬಹುದು.

ದಾನಿಗಳಿಗೂ ಮಕ್ಕಳಿಗೂ

ದಾನಿಗಳಲ್ಲಿ ನನ್ನ ವಿನಂತಿ ಇದು. ಆಪರೇಷನ್ನಿನ ದೊಡ್ಡ ಮೊತ್ತಕ್ಕೆ ಸರ್ಕಾರದ ಯೋಜನೆಗಳು, ಆಸ್ಪತ್ರೆಗಳ ನಿಧಿಗಳು ಒಂದಿಷ್ಟು ಇವೆ. ಅವು ಸಿಗಬೇಕಾದರೆ ಮಗುವಿನ ಜನನ ಪ್ರಮಾಣಪತ್ರ, ರೇಷನ್ ಕಾರ್ಡ್ ಸರಿಯಿರಬೇಕು. 21 ದಿನದೊಳಗೆ ಜನನ ನೋಂದಣಿ ಮಾಡಿಸಲು ಎಲ್ಲರಿಗೂ ನೆನಪಿಸಿ. ಆದರೆ 14ನೇ ದಿನದ ರಕ್ತ ಪರೀಕ್ಷೆ, ಬೆಂಗಳೂರಿಗೆ ಬಸ್ ಖರ್ಚು, ಆಸ್ಪತ್ರೆಯ ಹೊರಗೆ ತಂಗುವ ಕೋಣೆ, ತಂದೆ ಕೂಲಿ ಬಿಟ್ಟ ದಿನಗಳು, ತಿಂಗಳು ತಿಂಗಳೂ ಬೇಕಾಗುವ ಮಾತ್ರೆ ಇವಕ್ಕೆ ಯಾರೂ ಇರುವುದಿಲ್ಲ. ಕುಟುಂಬಗಳು ಸೋಲುವುದು ಹೆಚ್ಚಾಗಿ ಇಲ್ಲಿ. ಇಂಥ ಸಣ್ಣ ನೆರವು ಎರಡು ದಿನದೊಳಗೆ ಕೈಗೆ ಸಿಗುವಂತೆ ಟ್ರಸ್ಟ್ ಒಂದು ವ್ಯವಸ್ಥೆ ಮಾಡಲಿ. ತಿಂಗಳಿಗೊಮ್ಮೆ ಸೇರುವ ಸಮಿತಿಗಾಗಿ ಕಾದರೆ 60 ದಿನದ ಲೆಕ್ಕದಲ್ಲಿ ಅರ್ಧ ಹೋಗುತ್ತದೆ.

ಮಕ್ಕಳೇ, ನಿಮ್ಮ ಅರ್ಜಿಗಳಲ್ಲಿ 'ಮುಂದೆ ಏನಾಗಬೇಕು' ಎಂಬ ಸಾಲಿನಲ್ಲಿ ತುಂಬ ಜನ ಡಾಕ್ಟರ್ ಎಂದು ಬರೆದಿದ್ದೀರಿ. ಆಗಿ, ಸಂತೋಷ. ಆದರೆ ನಾನು ಈವರೆಗೆ ಹೇಳಿದ ಕಥೆಯಲ್ಲಿ ಎಷ್ಟು ಜನ ಬಂದರು ಎಣಿಸಿ ನೋಡಿ. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಸ್ಕ್ಯಾನಿಂಗ್ ಕೊಠಡಿಯವರು, ಆಪರೇಷನ್ ಥಿಯೇಟರ್ ಟೆಕ್ನಿಷಿಯನ್, ಆಹಾರತಜ್ಞೆ, ಕುಟುಂಬಕ್ಕೆ ದಾರಿ ತೋರಿಸುವ ಸಮಾಜ ಕಾರ್ಯಕರ್ತೆ. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಡಾಕ್ಟರ ಕೈ ಕಟ್ಟಿದಂತೆ. ನೀಟ್‌ನಲ್ಲಿ ಅಂಕ ಬರಲಿಲ್ಲವೆಂದು ಅಳುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಬಿ.ಎಸ್ಸಿ. ನರ್ಸಿಂಗ್, ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ, ಪೌಷ್ಟಿಕಾಂಶ ಮತ್ತು ಆಹಾರಶಾಸ್ತ್ರ, ಎಂ.ಎಸ್.ಡಬ್ಲ್ಯು. ಇವೆಲ್ಲ ಗೌರವದ ವೃತ್ತಿಗಳು. ಈ ಕೋರ್ಸುಗಳಿಗೂ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಹೆಣ್ಣುಮಕ್ಕಳ ತಂದೆಯರೇ, ನರ್ಸಿಂಗ್ ಎಂದರೆ ಮುಖ ತಿರುಗಿಸಬೇಡಿ. ತನ್ನ ಭಾಷೆಯಲ್ಲಿ, ತನ್ನ ಮನೆಯ ರೀತಿನೀತಿ ಬಲ್ಲ ನರ್ಸ್ ಒಬ್ಬಳು 'ಅಮ್ಮಾ, ನಲವತ್ತು ಕಳೆಯುವವರೆಗೆ ಕಾಯಬೇಡಿ' ಎಂದು ಹೇಳಿದರೆ ಅಜ್ಜಿ ಕೇಳುತ್ತಾರೆ.

ಇವತ್ತು ಇಲ್ಲಿಂದ ಹೋಗುವಾಗ ಪ್ರತಿ ಕುಟುಂಬವೂ ಒಂದು ಕೆಲಸ ಮಾಡಲಿ. ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ಎರಡು ತಿಂಗಳೊಳಗಿನ ಮಗು ಇದ್ದರೆ ಅದರ ತಾಯಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಕಣ್ಣು ಹಳದಿ ಇದೆಯೇ, ಮೂತ್ರ ಬಟ್ಟೆಗೆ ಕಲೆ ಕಟ್ಟುತ್ತದೆಯೇ, ಮಲ ಬಿಳಿಚಿಕೊಂಡಿದೆಯೇ? ಒಂದಕ್ಕೆ ಹೌದು ಎಂದರೂ ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಲು ಹೇಳಿ, ಸಾಧ್ಯವಾದರೆ ಜೊತೆಗೆ ಹೋಗಿ.